ಬೆಳ್ಳಕ್ಕಿ ಗುರುತಿಸುವಾಗ ಕೊಕ್ಕಿನ ಬಣ್ಣ ಕೊನೆಯಲ್ಲಿ ನೋಡಿ

ಪ್ರಶ್ನೆ: ಸರ್, ನಮ್ಮದು ಸಿಂಧನೂರು ತಾಲ್ಲೂಕು, ತೆಲುಗು ರೈತರು ನೆಲೆಸಿದ ಕ್ಯಾಂಪಿನ ಪಕ್ಕದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ ಇದೆ. ಏಳನೇ ತರಗತಿಯ ಮಗಳು ಹಕ್ಕಿಗಳ ಹೆಸರು ಬರೆದಿಡಲು ಒಂದು ನೋಟ್‌ಬುಕ್ ಮಾಡಿಕೊಂಡಿದ್ದಾಳೆ. ಬೆಳ್ಳಕ್ಕಿಯ ಪುಟಕ್ಕೆ ಬಂದು ನಿಂತುಬಿಟ್ಟಿದ್ದಾಳೆ. ಕೆಲವಕ್ಕೆ ಹಳದಿ ಕೊಕ್ಕು, ಕೆಲವಕ್ಕೆ ಕಪ್ಪು. ಹಳದಿಯದ್ದು ಹೆಣ್ಣು, ಕಪ್ಪಿನದ್ದು ಗಂಡು ಇರಬೇಕು ಅಂತ ನಾನೇ ಹೇಳಿಬಿಟ್ಟಿದ್ದೆ. ಆದರೆ ಬೇಸಿಗೆಯ ಮೊದಲು ಹಳದಿ ಕೊಕ್ಕು ಇದ್ದ ದೊಡ್ಡ ಹಕ್ಕಿಗಳಿಗೆ ಈಗ ನಾಟಿ ಹೊತ್ತಿಗೆ ಕಪ್ಪು ಕೊಕ್ಕು ಕಾಣುತ್ತಿದೆ. ಇವೆಲ್ಲ ಒಂದೇ ಜಾತಿಯಾ, ಬೇರೆ ಬೇರೆಯಾ? ಮೂರು ಫೋಟೊ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮಗಳಿಗೆ ಮೊದಲು ಒಂದು ಸಮಾಧಾನ ಹೇಳಿ. ಅವಳು ನಿಂತಿರುವ ಪುಟದಲ್ಲೇ ನಾನೂ ಎಷ್ಟೋ ವರ್ಷ ನಿಂತಿದ್ದೆ. ನೀವು ಹೇಳಿದ ಗಂಡು–ಹೆಣ್ಣಿನ ಲೆಕ್ಕ ಮಾತ್ರ ತಪ್ಪು, ಅದನ್ನು ಇವತ್ತೇ ಹೊಡೆದು ಹಾಕಿಸಿ. ಬೆಳ್ಳಕ್ಕಿಗಳಲ್ಲಿ ಗಂಡು ಹೆಣ್ಣು ಎರಡೂ ನೋಡಲು ಒಂದೇ ಥರ. ಗಂಡು ತುಸು ದೊಡ್ಡದಿರಬಹುದು, ಅಷ್ಟೇ. ದೂರದಿಂದ ನೋಡಿ ಅದನ್ನು ಹೇಳುವುದು ಆಗದ ಕೆಲಸ.

ನಿಮ್ಮ ಗದ್ದೆಗೆ ಬರುವ ಬಿಳಿ ಹಕ್ಕಿಗಳಲ್ಲಿ ನಾಲ್ಕು ಜಾತಿ ಇವೆ. ಗೋವಕ್ಕಿ, ಚಿಕ್ಕ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ. ಇವು ಪುಸ್ತಕದ ಹೆಸರುಗಳು. ಊರಲ್ಲಿ ಯಾರೂ ಹೀಗೆ ಬಿಡಿಸಿ ಹೇಳುವುದಿಲ್ಲ. ನಾವು ಎಲ್ಲವನ್ನೂ ಬೆಳ್ಳಕ್ಕಿ ಅನ್ನುತ್ತೇವೆ, ಇಲ್ಲವೇ ಕೊಕ್ಕರೆ ಅಂದು ಮುಗಿಸುತ್ತೇವೆ. ನಿಮ್ಮ ಪಕ್ಕದ ಕ್ಯಾಂಪಿನ ತೆಲುಗಿನವರಿಗೆ ಎಲ್ಲವೂ ಕೊಂಗ, ರಾಯಚೂರು ಪೇಟೆಯ ಉರ್ದುವಿನವರಿಗೆ ಎಲ್ಲವೂ ಬಗ್ಲಾ. ಮೂರು ಭಾಷೆ ಆಡುವ ಸೀಮೆಯಲ್ಲಿ ಮೂರರಲ್ಲೂ ಹೆಸರು ಒಂದೊಂದೇ ಇದ್ದರೆ ಹಕ್ಕಿಯೂ ಒಂದೇ ಅನ್ನಿಸುವುದು ಸಹಜ.

ಈಗ ಕೊಕ್ಕಿನ ವಿಚಾರ. ಹೊಸಬರು ಮೊದಲು ನೋಡುವುದೂ ಅದನ್ನೇ, ಮೋಸ ಹೋಗುವುದೂ ಅಲ್ಲೇ. ಚಿಕ್ಕ ಬೆಳ್ಳಕ್ಕಿಯದು ಬಲಿತ ಮೇಲೆ ವರ್ಷವಿಡೀ ಕಪ್ಪು ಕೊಕ್ಕು. ಉಳಿದ ಮೂರಕ್ಕೂ ಸಾಮಾನ್ಯ ದಿನಗಳಲ್ಲಿ ಹಳದಿ ಕೊಕ್ಕು. ಇಷ್ಟೇ ಆಗಿದ್ದರೆ ನೀವು ನನಗೆ ಬರೆಯಬೇಕಾಗಿರಲಿಲ್ಲ. ಗೂಡು ಕಟ್ಟುವ ಕಾಲ ಹತ್ತಿರ ಬಂತೆಂದರೆ ಹಕ್ಕಿಯ ಮೈಯೊಳಗಿನ ಹಾರ್ಮೋನು ಏರುತ್ತದೆ, ಆಗ ಗರಿ ಇಲ್ಲದ ಜಾಗಗಳೆಲ್ಲ ಬಣ್ಣ ಬದಲಿಸುತ್ತವೆ. ಕೊಕ್ಕು, ಕಾಲು, ಕಣ್ಣಿಗೂ ಕೊಕ್ಕಿಗೂ ನಡುವೆ ಇರುವ ಬೋಳು ಚರ್ಮ, ಈ ಮೂರು ಜಾಗ. ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಕಪ್ಪಾಗುತ್ತದೆ, ಕಣ್ಣ ಮುಂದಿನ ಚರ್ಮ ನೀಲಿ ಮಿಶ್ರಿತ ಹಸಿರಾಗುತ್ತದೆ, ಕಪ್ಪು ಕಾಲಿನ ಮೇಲ್ಭಾಗಕ್ಕೆ ಕೆಂಪು ಛಾಯೆ ಬರುತ್ತದೆ. ಮಧ್ಯಮ ಬೆಳ್ಳಕ್ಕಿಯ ಕೊಕ್ಕೂ ಕಪ್ಪಾಗುತ್ತದೆ, ಆದರೆ ಅದರ ಬೋಳು ಚರ್ಮ ಹಳದಿ-ಹಸಿರು. ಗೋವಕ್ಕಿಯದು ಬೇರೆ ದಾರಿ, ಅದರ ಕೊಕ್ಕು ಕಾಲು ಎರಡೂ ಕೆಂಪಿಗೆ ತಿರುಗುತ್ತವೆ. ಈ ಕಡುಬಣ್ಣ ಕೆಲವೇ ವಾರಗಳ ಸಡಗರ. ಮೊಟ್ಟೆ, ಮರಿ ಅಂತ ಸಂಸಾರ ಶುರುವಾದ ಮೇಲೆ ಮಾಸಿ, ಮತ್ತೆ ಹಳದಿಗೆ ಬಂದು ನಿಲ್ಲುತ್ತದೆ. ನೀವು ಬೇಸಿಗೆಗೆ ಮೊದಲು ಕಂಡ ಹಳದಿ ಕೊಕ್ಕಿನವೂ ಈಗ ಕಾಣುವ ಕಪ್ಪು ಕೊಕ್ಕಿನವೂ ಅವೇ ಹಕ್ಕಿಗಳು ಇರಬಹುದು. ಬಣ್ಣ ಬದಲಾಗುವ ನಡುವಿನ ದಿನಗಳಲ್ಲಿ ಅರ್ಧ ಹಳದಿ ಅರ್ಧ ಕಪ್ಪು ಕೊಕ್ಕಿನ ಹಕ್ಕಿ ಸಿಕ್ಕರೂ ಗಾಬರಿ ಬೇಡ, ಐದನೇ ಜಾತಿ ಹುಡುಕಿದೆ ಅಂತ ಹಿಗ್ಗುವುದೂ ಬೇಡ.

ಇದರ ಮೇಲೆ ಮರಿಗಳ ತಕರಾರು ಬೇರೆ. ಗೋವಕ್ಕಿಯ ಮರಿಗೆ ಗೂಡು ಬಿಟ್ಟ ಹೊಸತರಲ್ಲಿ ಕೊಕ್ಕು ಕಪ್ಪಗಿರುತ್ತದೆ. ಚಿಕ್ಕ ಬೆಳ್ಳಕ್ಕಿಯ ಮರಿಯ ಕೊಕ್ಕು ಇನ್ನೂ ಪೂರ್ತಿ ಕಪ್ಪಾಗದೆ ಬುಡದಲ್ಲಿ ಮಂಕಾಗಿರುತ್ತದೆ, ಕಾಲಿಗೂ ಹಸಿರು ಛಾಯೆ ಇರುತ್ತದೆ. ಬಣ್ಣ ನಂಬಿದವನು ಇಲ್ಲಿ ಎರಡನ್ನೂ ಅದಲು ಬದಲು ಬರೆದುಕೊಳ್ಳುತ್ತಾನೆ.

ಹಾಗಾಗಿ ನಾನು ಹೇಳುವುದು ಇಷ್ಟು: ಮೊದಲು ಮೈಕಟ್ಟು ನೋಡಿ, ಆಮೇಲೆ ನಡೆ ನೋಡಿ, ಬಣ್ಣವನ್ನು ಕಡೆಯ ಸಾಕ್ಷಿಯಾಗಿ ಕರೆಯಿರಿ.

ಗೋವಕ್ಕಿಯಿಂದ ಶುರು ಮಾಡೋಣ, ಅದು ಸುಲಭ. ಜವಾರಿ ಕೋಳಿಗಿಂತ ಮೈ ಸಣ್ಣದು, ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಅರ್ಧ ಮೀಟರ್ ಆಸುಪಾಸು. ಕುತ್ತಿಗೆ ಗಿಡ್ಡ, ಕೊಕ್ಕು ಮೋಟು, ಕೊಕ್ಕಿನ ಕೆಳಗೆ ಗಲ್ಲದ ಗರಿಗಳು ಮುಂದೆ ಚಾಚಿಕೊಂಡು ಸಣ್ಣ ಗಡ್ಡ ಬಿಟ್ಟ ಹಾಗೆ ಕಾಣುತ್ತದೆ. ಈ ಗಲ್ಲ ಉಳಿದ ಮೂರಕ್ಕೆ ಇಲ್ಲ. ಮೇ–ಜೂನ್ ಹೊತ್ತಿಗೆ ತಲೆ, ಕುತ್ತಿಗೆ, ಬೆನ್ನಿಗೆ ಕಾವಿ ಬಣ್ಣ ಏರುತ್ತದೆ. ಕಾರಹುಣ್ಣಿಮೆಗೆ ಎತ್ತಿಗೆ ಬಣ್ಣ ಹಚ್ಚುವ ಹೊತ್ತಿಗೆ ಎತ್ತಿನ ಕಾಲಡಿ ಓಡಾಡುವ ಹಕ್ಕಿಗೂ ಬಣ್ಣ ಹತ್ತಿರುತ್ತದೆ. ಆ ಬಣ್ಣದಲ್ಲಿ ಕಂಡರೆ ಮತ್ತೆ ಯೋಚನೆ ಮಾಡುವ ಮಾತೇ ಇಲ್ಲ. ಎಮ್ಮೆಯ ಹಿಂದೆ, ಟ್ರ್ಯಾಕ್ಟರಿನ ಹಿಂದೆ, ಒಣ ಹೊಲದಲ್ಲಿ, ಕಸದ ತಿಪ್ಪೆಯ ಮೇಲೆ ಹೀಗೆ ನೀರಿಲ್ಲದ ಕಡೆಯೂ ಧಾರಾಳ ಇರುವ ಬಿಳಿ ಹಕ್ಕಿ ಇದೊಂದೇ. ದನದ ಉಣ್ಣೆ ಹೆಕ್ಕಲು ಬರುತ್ತದೆ ಅನ್ನುತ್ತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಒಂದೆರಡು ಉಣ್ಣೆ ತಿನ್ನಬಹುದು. ಅದರ ಲಾಭ ಇರುವುದು ದನದ ಗೊರಸು ಎಬ್ಬಿಸಿದ ಮಿಡತೆ, ಜೀರುಂಡೆ, ನೊಣ, ಕಪ್ಪೆಮರಿಗಳಲ್ಲಿ. ತಾನೊಂದೇ ಹುಲ್ಲಲ್ಲಿ ತಿರುಗಿ ಹುಡುಕುವುದಕ್ಕಿಂತ ಎಮ್ಮೆಯ ಜೊತೆ ಹೋದರೆ ಕಡಿಮೆ ಹೆಜ್ಜೆಗೆ ಹೆಚ್ಚು ಹುಳ ಸಿಗುತ್ತವೆ. ಹಳೆಯ ಪುಸ್ತಕಗಳಲ್ಲಿ ಇದರ ಶಾಸ್ತ್ರೀಯ ಹೆಸರು ಬುಬುಲ್ಕಸ್ ಅಂತ ಇರುತ್ತದೆ, ಲ್ಯಾಟಿನ್‌ನಲ್ಲಿ ದನಗಾಹಿ ಅಂತ ಅರ್ಥ. ನಮ್ಮ ಕಡೆಯ ಗೋವಕ್ಕಿಯ ಶಾಸ್ತ್ರೀಯ ಹೆಸರಿನ ಎರಡನೇ ಭಾಗ ಕೊರೊಮಾಂಡಸ್, ಅದು ಬಂದಿರುವುದು ಕೋರಮಂಡಲ ತೀರದಿಂದ.

ಚಿಕ್ಕ ಬೆಳ್ಳಕ್ಕಿ ಗೋವಕ್ಕಿಗಿಂತ ಸ್ವಲ್ಪ ಎತ್ತರ, ಆದರೆ ಮೈ ತೆಳು. ಉದ್ದ ಸಪೂರ ಕುತ್ತಿಗೆ, ದಬ್ಬಣದಂಥ ಕರಿ ಕೊಕ್ಕು, ಕರಿ ಕಾಲು, ಆ ಕರಿ ಕಾಲಿಗೆ ಹಳದಿ ಬೆರಳು. ಕರಿ ಪ್ಯಾಂಟಿನ ಕೆಳಗೆ ಹಳದಿ ಕಾಲುಚೀಲ ಹಾಕಿದ ಹಾಗೆ. ಬಣ್ಣ ನಂಬಬೇಡಿ ಅಂದ ನಾನೇ ಈ ಒಂದು ಬಣ್ಣವನ್ನು ನಂಬಿ ಅನ್ನುತ್ತೇನೆ. ಗೂಡಿನ ಕಾಲದಲ್ಲಿ ಆ ಹಳದಿ ಇನ್ನೂ ಕೆಂಪಗಾದೀತೇ ಹೊರತು ಕಪ್ಪಾಗುವುದಿಲ್ಲ. ತೊಂದರೆ ಏನೆಂದರೆ, ನಿಮ್ಮ ಗದ್ದೆಯ ಕೆಸರಲ್ಲಿ ಬೆರಳು ಮುಳುಗಿಹೋಗಿರುತ್ತದೆ. ಕಾಯಿರಿ. ಹಾರುವಾಗ ಕಾಲು ಹಿಂದಕ್ಕೆ ಚಾಚುತ್ತದೆ, ಬಾಲ ದಾಟಿ ಆ ಹಳದಿ ಪಾದ ಆಚೆ ಕಾಣುತ್ತದೆ. ಇಲ್ಲವೇ ಬದುವಿನ ಮೇಲೆ ಏರಿ ಕಾಲು ಕೊಡವುವ ತನಕ ಕಾಯಿರಿ.

ಅಷ್ಟು ಹೊತ್ತು ಸುಮ್ಮನೆ ನಿಲ್ಲಬೇಕಿಲ್ಲ, ಅದರ ನಡೆಯೇ ಹೆಸರು ಹೇಳುತ್ತದೆ. ಚಿಕ್ಕ ಬೆಳ್ಳಕ್ಕಿಗೆ ಒಂದು ಕಡೆ ನಿಲ್ಲುವ ಸ್ವಭಾವವೇ ಇಲ್ಲ. ಒಂದು ಕಾಲು ಮುಂದಿಟ್ಟು ಕೆಸರಲ್ಲಿ ಗಡಗಡ ನಡುಗಿಸುತ್ತದೆ, ಅಡಗಿದ ಸಣ್ಣ ಮೀನು ಎದ್ದು ಓಡಿದರೆ ಅದರ ಹಿಂದೆ ತಾನೂ ರೆಕ್ಕೆ ಅಗಲಿಸಿ ಓಡುತ್ತದೆ, ತಟ್ಟನೆ ತಿರುಗುತ್ತದೆ. ಗಂಗಾವತಿ ಕಡೆ ಕಾಲುವೆ ಏರಿಯ ಮೇಲೆ ಎಮ್ಮೆ ಕಾಯುತ್ತ ಕೂತಿದ್ದ ಒಬ್ಬ ಅಜ್ಜ, ನಾನು ದುರ್ಬೀನು ತಿರುವುತ್ತ ಪುಸ್ತಕ ತೆರೆಯುತ್ತ ಒದ್ದಾಡುವುದನ್ನು ಬಹಳ ಹೊತ್ತು ನೋಡಿ, "ಏನ್ ಹುಡುಕಾಕ ಹತ್ತೀರಿ?" ಅಂದ. ಬೆಳ್ಳಕ್ಕಿ ಯಾವುದು ಯಾವುದು ಅಂತ ನೋಡ್ತಿದೀನಿ ಅಂದೆ. "ಅದರಾಗ ಏನೈತಿ? ಇದು ಕುಣಿತೈತಿ, ಅದು ಕಾಯ್ತೈತಿ. ಎಲ್ಲಾ ಒಂದ ಹ್ಯಾಂಗ ಆಕ್ಕಾವು?" ಅಂದ. ಅವತ್ತಿನ ತನಕ ನಾನು ಕೊಕ್ಕು ಬಿಟ್ಟು ಬೇರೇನೂ ನೋಡಿರಲಿಲ್ಲ. ಅಜ್ಜ ಒಂದರ ಹೆಸರೂ ಹೇಳದೆ ಎರಡು ಜಾತಿ ಬಿಡಿಸಿದ್ದ.

ಅಜ್ಜ ಹೇಳಿದ ಕಾಯುವ ಹಕ್ಕಿ ದೊಡ್ಡ ಬೆಳ್ಳಕ್ಕಿ. ಬಕಧ್ಯಾನ ಅನ್ನುವ ಮಾತು ಯಾವುದನ್ನು ನೋಡಿ ಹುಟ್ಟಿತೋ, ಈ ಹಕ್ಕಿಗಂತೂ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಸೊಂಟದ ಎತ್ತರಕ್ಕೆ ಬರುವ ಹಕ್ಕಿ, ಮೈಯುದ್ದ 80ರಿಂದ 100 ಸೆಂಟಿಮೀಟರ್. ಉಳಿದವು ಇಳಿಯದ ಆಳದ ನೀರಿಗೂ ಇಳಿದು ನಿಲ್ಲುತ್ತದೆ, ಹೆಚ್ಚಾಗಿ ಒಂಟಿಯಾಗಿ. ಕುತ್ತಿಗೆ ಮೈಗಿಂತ ಬಹಳ ಉದ್ದ, ಮತ್ತು ಅದರ ನಡುವೆ ಒಂದು ಕಡೆ ಮೊಣಕೈ ಮಡಚಿದ ಹಾಗೆ ಗಂಟು ಬಿದ್ದಂತೆ ಬಾಗಿರುತ್ತದೆ. ಬೆಳ್ಳಕ್ಕಿಗಳೂ ಸೇರಿದ ಬಕಗಳ ಕುಲಕ್ಕೆಲ್ಲ ಕುತ್ತಿಗೆಯ ಆರನೇ ಮೂಳೆ ಉಳಿದ ಮೂಳೆಗಳಿಗಿಂತ ಬೇರೆ ಥರ ರಚನೆಯದು. ಕುತ್ತಿಗೆಯನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಮಡಚಿ, ಸ್ಪ್ರಿಂಗ್ ಬಿಟ್ಟಂತೆ ಮೀನಿಗೆ ಹೊಡೆಯಲು ಆಗುವುದು ಅದರಿಂದಲೇ. ದೊಡ್ಡ ಬೆಳ್ಳಕ್ಕಿಯಲ್ಲಿ ಕುತ್ತಿಗೆ ಅತಿ ಉದ್ದ ಇರುವುದರಿಂದ ಆ ಮಡಿಕೆ ಹೊರಗೆ ಎದ್ದು ಕಾಣುತ್ತದೆ.

ಇನ್ನು ಮಧ್ಯಮ ಬೆಳ್ಳಕ್ಕಿ. ನಿಜವಾದ ಕಗ್ಗಂಟು ಇದೇ. ಪಂಡಿತರೂ ಇದನ್ನು ಒಂದು ಮನೆಯಲ್ಲಿ ನೆಲೆ ನಿಲ್ಲಲು ಬಿಟ್ಟಿಲ್ಲ. ಮೊದಲು ಚಿಕ್ಕ ಬೆಳ್ಳಕ್ಕಿಯ ಜೊತೆ ಇಗ್ರೆಟ್ಟಾ ಕುಲದಲ್ಲಿ ಇಟ್ಟರು, ನಡುವೆ ಮೆಸೊಫಾಯ್ಕ್ಸ್ ಅಂತ ಅದಕ್ಕೊಂದೇ ಬೇರೆ ಮನೆ ಮಾಡಿದರು, ಈಗ ದೊಡ್ಡ ಬೆಳ್ಳಕ್ಕಿಯ ಜೊತೆ ಆರ್ಡಿಯಾ ಅನ್ನುತ್ತಾರೆ.

ದೊಡ್ಡದೋ ಮಧ್ಯಮದ್ದೋ ಅಂತ ಗಾತ್ರದಿಂದ ಹೇಳಬಹುದಲ್ಲ ಅನ್ನಿಸುತ್ತದೆ. ಪಕ್ಕದಲ್ಲಿ ಇನ್ನೊಂದು ಹಕ್ಕಿ ಇದ್ದರೆ ಹೇಳಬಹುದು. ಬಯಲು ಗದ್ದೆಯಲ್ಲಿ ಒಂಟಿ ಬಿಳಿ ಹಕ್ಕಿಯ ಗಾತ್ರವನ್ನು ಕಣ್ಣು ಬಹಳ ತಪ್ಪಾಗಿ ಅಳೆಯುತ್ತದೆ. ಒಮ್ಮೆ ಸಾಣಾಪುರ ಕೆರೆಯ ಅಂಚಿನಲ್ಲಿ ಬೆಳಗ್ಗೆ ಹನ್ನೊಂದು ದೊಡ್ಡ ಬೆಳ್ಳಕ್ಕಿ ಅಂತ ಎಣಿಸಿ ಬರೆದುಕೊಂಡು, ಟೀ ಕುಡಿಯುತ್ತ ಕೂತಿದ್ದೆ. ಹನ್ನೆರಡನೆಯದು ಆಚೆ ದಡದಿಂದ ನಿಧಾನವಾಗಿ ರೆಕ್ಕೆ ಬಡಿಯುತ್ತ ಬಂದು ಅವುಗಳ ನಡುವೆ ಇಳಿಯಿತು. ಇಳಿದು ಕುತ್ತಿಗೆ ಎತ್ತಿದರೆ ಉಳಿದ ಹನ್ನೊಂದೂ ಅದರ ಮಕ್ಕಳ ಹಾಗೆ ಕಂಡವು. ದೊಡ್ಡದು ಅದೊಂದೇ. ಉಳಿದ ಹನ್ನೊಂದೂ ಮಧ್ಯಮ. ಅದಕ್ಕೂ ಹಿಂದಿನ ಎಷ್ಟು ಪುಟಗಳಲ್ಲಿ ಇದೇ ತಪ್ಪು ಕೂತಿದೆಯೋ ಅಂತ ಅವತ್ತು ರಾತ್ರಿ ಹಳೆಯ ನೋಟ್‌ಬುಕ್ ತೆಗೆದು ಪ್ರಶ್ನೆಚಿಹ್ನೆ ಹಾಕುತ್ತ ಕೂತೆ. ನಿಮ್ಮ ಮಗಳ ಸಂಕಟ ನನಗೆ ಗೊತ್ತು ಅಂದದ್ದು ಅದಕ್ಕೆ.

ಆ ಮೇಲೆ ನಾನು ಕಲಿತದ್ದು ಬಾಯಿಯ ಗೆರೆ ನೋಡುವುದನ್ನು. ಹಕ್ಕಿ ಪಕ್ಕಕ್ಕೆ ತಿರುಗಿ ನಿಂತಾಗ ಮೇಲಿನ ಕೊಕ್ಕೂ ಕೆಳಗಿನ ಕೊಕ್ಕೂ ಸೇರುವ ಗೆರೆಯನ್ನು ತುದಿಯಿಂದ ಹಿಂದಕ್ಕೆ ಹಿಡಿದು ಬನ್ನಿ. ಗೆರೆ ಕೊಕ್ಕು ಮುಗಿದ ಮೇಲೂ ಮುಖದ ಚರ್ಮದೊಳಗೆ ಕಪ್ಪು ಎಳೆಯಾಗಿ ಮುಂದುವರಿಯುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಅದು ಕಣ್ಣಿನ ಕೆಳಗೆ ಬಂದು ನಿಲ್ಲುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ, ತುದಿಯಲ್ಲಿ ಚೂಪಾಗಿ. ಒಂದು ಬೆಳಗ್ಗೆ ಉಪಕಾಲುವೆಯ ತೂಬಿನ ಕಟ್ಟೆಯ ಮೇಲೆ ದೊಡ್ಡ ಬೆಳ್ಳಕ್ಕಿಯೊಂದು ನನ್ನಿಂದ ಮೂವತ್ತು ಅಡಿ ದೂರದಲ್ಲಿ ನಿಂತಿತ್ತು. ದುರ್ಬೀನಿನಲ್ಲಿ ಅದರ ಕಣ್ಣಿನ ಹಳದಿ ಸುತ್ತು, ಅದರ ಕೆಳಗೆ ಕತ್ತಿಯ ಗೀರಿನ ಹಾಗೆ ಹಾದುಹೋದ ಆ ಗೆರೆ, ಗೆರೆಯ ಕೊನೆಗೆ ಅಂಟಿದ್ದ ಒಂದು ಹಸಿರು ಪಾಚಿ ಎಳೆ ಕೂಡ ಕಂಡಿತು. ಅದು ಬಾಯಿ ತೆರೆದು ಮೀನನ್ನು ತಲೆ ಮುಂದಾಗಿ ತಿರುಗಿಸಿ ನುಂಗಿದಾಗ ಆ ಗೆರೆ ಏಕೆ ಅಷ್ಟು ಹಿಂದಕ್ಕೆ ಸೀಳಿದೆ ಅನ್ನುವುದೂ ತಿಳಿಯಿತು. ಅಗಲ ಮೀನು, ಅಗಲ ಬಾಯಿ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಈ ಗೆರೆ ಮರೆಯುವುದಿಲ್ಲ. ಕೊಕ್ಕು ಹಳದಿ ಇರಲಿ, ಕಪ್ಪಿರಲಿ, ಬೆರಕೆ ಇರಲಿ, ಗೆರೆ ಇದ್ದಲ್ಲೇ ಇರುತ್ತದೆ.

ಅಷ್ಟು ಹತ್ತಿರ ಬಿಡದ ಹಕ್ಕಿಯಾದರೆ ತಲೆಯ ಆಕಾರ ನೋಡಿ. ಮಧ್ಯಮದ್ದು ಉರುಟು ತಲೆ, ದಪ್ಪನೆಯ ತುಂಡು ಕೊಕ್ಕು, ಹಳದಿ ಇದ್ದಾಗ ತುದಿಯಲ್ಲಿ ಆಗಾಗ ಮಸಿ ಮುಟ್ಟಿದಂತೆ ಕಪ್ಪು. ದೊಡ್ಡದರದ್ದು ಚಪ್ಪಟೆ ಹಣೆ, ಹಣೆಯ ಇಳಿಜಾರಿನಲ್ಲೇ ಮುಂದುವರಿದ ಉದ್ದನೆಯ ಭರ್ಜಿ ಕೊಕ್ಕು. ಮಧ್ಯಮದ ಕುತ್ತಿಗೆ ಮೈಯಷ್ಟೇ ಉದ್ದ, ಗಂಟಿಲ್ಲದೆ ನಯವಾಗಿ ಬಾಗುತ್ತದೆ. ನಡೆಯೂ ಬೇರೆ. ಕುತ್ತಿಗೆಯನ್ನು ಓರೆಯಾಗಿ ಮುಂದೆ ಚಾಚಿ, ನೀರು ತುಂಬಿದ ಹುಲ್ಲಲ್ಲಿ, ನಾಟಿ ಸಾಲಿನ ನಡುವೆ, ಹೆಜ್ಜೆ ಎಣಿಸುತ್ತ ನಡೆಯುತ್ತದೆ. ಕುಣಿಯುವುದೂ ಇಲ್ಲ, ದೊಡ್ಡದರ ಹಾಗೆ ಗಂಟೆಗಟ್ಟಲೆ ತಪಸ್ಸೂ ಮಾಡುವುದಿಲ್ಲ. ಕೆಲವೊಮ್ಮೆ ಎಮ್ಮೆಗಳ ಆಸುಪಾಸಿನಲ್ಲಿ ಗೋವಕ್ಕಿಗಳ ಜೊತೆಗೂ ಇರುತ್ತದೆ, ಎರಡಕ್ಕೂ ಹಳದಿ ಕೊಕ್ಕು. ಆಗ ಕಾಲು, ಕುತ್ತಿಗೆಯ ಉದ್ದ ನೋಡಿ, ಗಲ್ಲದ ಗಡ್ಡ ಇದೆಯಾ ನೋಡಿ.

ಗೂಡಿನ ಕಾಲದಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ, ಗರಿಗಳ ಸಿಂಗಾರ. ಚಿಕ್ಕ ಬೆಳ್ಳಕ್ಕಿಯ ನೆತ್ತಿಯ ಹಿಂದೆ ಎರಡು ಉದ್ದ ಗರಿ, ಜುಟ್ಟಿನ ರಿಬ್ಬನ್ ಹಾಗೆ ಗಾಳಿಗೆ ಓಲಾಡುತ್ತವೆ. ಮಧ್ಯಮಕ್ಕೆ ತಲೆಯಲ್ಲಿ ಏನಿಲ್ಲ, ಎದೆಯಲ್ಲೂ ಬೆನ್ನಲ್ಲೂ ನೂಲಿನಂಥ ಗರಿಗಳ ಕುಚ್ಚು. ದೊಡ್ಡದಕ್ಕೆ ಬೆನ್ನಲ್ಲಿ ಮಾತ್ರ, ಬಾಲ ದಾಟಿ ಇಳಿಯುವಷ್ಟು. ಕಪ್ಪು ಕೊಕ್ಕಿನ ಮಧ್ಯಮವನ್ನು ಚಿಕ್ಕದೆಂದು ತಿಳಿಯುವ ತಪ್ಪು ನಿಮ್ಮ ಕಡೆ ನಾಟಿ ಕಾಲದಲ್ಲೇ ಹೆಚ್ಚು ಆಗುತ್ತದೆ, ಆಗ ಈ ಗರಿಗಳೂ ಕಾಲಿನ ಬೆರಳೂ ಕೈ ಹಿಡಿಯುತ್ತವೆ. ಮಧ್ಯಮದ ಬೆರಳು ಕಪ್ಪೇ.

ಈ ಗರಿಗಳೇ ಒಂದು ಕಾಲಕ್ಕೆ ಈ ಹಕ್ಕಿಗಳ ಜೀವಕ್ಕೆ ಮುಳುವಾಗಿದ್ದವು. ಯುರೋಪಿನ ಹೆಂಗಸರ ಟೋಪಿಗೆ ಸಿಕ್ಕಿಸಲು ಬೆಳ್ಳಕ್ಕಿ ಗರಿಗೆ ಅಷ್ಟು ಬೇಡಿಕೆ ಇತ್ತು. ಸಿಂಧ್ ಪ್ರಾಂತ್ಯದಲ್ಲಿ ಗರಿಗಾಗಿ ಬೆಳ್ಳಕ್ಕಿಗಳನ್ನು ಕೂಡಿಹಾಕಿ ಸಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಇದನ್ನು ವಿರೋಧಿಸಿ 1889ರಲ್ಲಿ ಸಂಘ ಕಟ್ಟಿದವರೂ ಹೆಂಗಸರೇ. ಬ್ರಿಟಿಷ್ ಭಾರತದಿಂದ ಗರಿ ರಫ್ತು ಮಾಡುವುದನ್ನು 1902ರಲ್ಲಿ ನಿಷೇಧಿಸಿದರು. ಈಗ 1972ರ ವನ್ಯಜೀವಿ ಕಾಯ್ದೆಯಡಿ ಇವನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ಗದ್ದೆಯಲ್ಲಿ ಉರುಳು ಇಡುವವರನ್ನು ಕಂಡರೆ ಅಷ್ಟಾದರೂ ಹೇಳಿ.

ಹಾರುವ ಹಕ್ಕಿಯ ಬಗ್ಗೆ ಎರಡು ಮಾತು. ಬೆಳ್ಳಕ್ಕಿ ಯಾವುದೇ ಆದರೂ ದೂರ ಹಾರುವಾಗ ಕುತ್ತಿಗೆ ಮಡಚಿ ಭುಜದ ನಡುವೆ ಇಟ್ಟುಕೊಳ್ಳುತ್ತದೆ. ಕುತ್ತಿಗೆ ನೇರ ಚಾಚಿ ಹಾರುವ ಬಿಳಿ ಹಕ್ಕಿ ಕಂಡರೆ ಅದು ಬೆಳ್ಳಕ್ಕಿ ಅಲ್ಲ. ಚಮಚದ ಕೊಕ್ಕಿನದೋ, ಬಾಯ್ಕಳಕ ಎಂಬ ಕೊಕ್ಕರೆಯೋ, ಬಾಗಿದ ಕೊಕ್ಕಿನ ಕರಿತಲೆಯ ಐಬಿಸ್ಸೋ ಇರುತ್ತದೆ. ಇನ್ನೊಂದು ಮೋಸಗಾರ ಕೊಳದ ಬಕ. ಕೂತಾಗ ಕೆಸರಿನದೇ ಬಣ್ಣ, ಕಾಲಡಿಗೆ ಬರುವ ತನಕ ಇರುವುದೇ ಗೊತ್ತಾಗುವುದಿಲ್ಲ. ಎದ್ದು ಹಾರಿದರೆ ರೆಕ್ಕೆ ಅಚ್ಚ ಬಿಳಿ. "ಬದುವಿನಿಂದ ಬೆಳ್ಳಕ್ಕಿ ಎದ್ದಿತು, ಆಮೇಲೆ ಎಲ್ಲಿ ಇಳಿಯಿತೋ ಕಾಣಲಿಲ್ಲ" ಅನ್ನುವ ಮಾತು ಬಂದರೆ ಹೆಚ್ಚಿನ ಸಲ ಅದು ಕೊಳದ ಬಕವೇ. ಪುಸ್ತಕದಲ್ಲಿ ಬಂಡೆಬಕ ಅಂತ ಬಿಳಿ ರೂಪದ ಹಕ್ಕಿಯೊಂದನ್ನು ನೋಡಿ ಮಗಳು ತಲೆ ಕೆಡಿಸಿಕೊಂಡಿದ್ದರೆ ಬಿಡಲು ಹೇಳಿ, ಅದು ಸಮುದ್ರ ದಂಡೆಯ ಹಕ್ಕಿ.

ಯಾವಾಗ ನೋಡಬೇಕು? ಕಾಲುವೆಗೆ ನೀರು ಬಿಟ್ಟು, ಕೇಜ್‌ವೀಲ್ ಎಂಬ ಕಬ್ಬಿಣದ ಚಕ್ರ ಹಾಕಿದ ಟ್ರ್ಯಾಕ್ಟರ್ ಗದ್ದೆಯನ್ನು ಕೆಸರು ಮಾಡುವ ದಿನಗಳಲ್ಲಿ ಹಕ್ಕಿಗಳಿಗೆ ಜಾತ್ರೆ. ಚಕ್ರ ತಿರುವಿದ ಮಣ್ಣಲ್ಲಿ ಎರೆಹುಳು, ಏಡಿಮರಿ, ಕಪ್ಪೆ ಮೇಲೆ ಬರುತ್ತವೆ. ಗೋವಕ್ಕಿಗಳು ಚಕ್ರಕ್ಕೆ ಸಿಕ್ಕಿಬಿಟ್ಟಾವೇನೋ ಅನ್ನುವಷ್ಟು ಹತ್ತಿರ, ಚಿಕ್ಕ ಬೆಳ್ಳಕ್ಕಿಗಳು ನಾಲ್ಕು ಮಾರು ಹಿಂದೆ, ಮಧ್ಯಮ ಅದಕ್ಕೂ ಆಚೆ ಅಂಚಿನಲ್ಲಿ. ದೊಡ್ಡದು ಈ ಗಲಾಟೆಗೆ ಬರುವುದೇ ಅಪರೂಪ, ಅದನ್ನು ಕಾಲುವೆಯಲ್ಲೋ ಕೆರೆಯಲ್ಲೋ ಹುಡುಕಬೇಕು. ಆದರೆ ಹೋಲಿಸಿ ಕಲಿಯಲು ನನಗೆ ಇಷ್ಟದ ಕಾಲ ಇದಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡುತ್ತಾರಲ್ಲ, ಆಗ ಕಾಲುವೆಯ ತಳದಲ್ಲಿ, ಸೇತುವೆಯ ಕೆಳಗೆ, ತಗ್ಗುಗಳಲ್ಲಿ ಮಾತ್ರ ಮೊಣಕಾಲುದ್ದ ನೀರು ಉಳಿದಿರುತ್ತದೆ. ಸಿಕ್ಕಿಬಿದ್ದ ಮೀನು ತಿನ್ನಲು ಎಲ್ಲವೂ ಅಲ್ಲೇ ಸೇರುತ್ತವೆ. ಒಂದು ಮಂಚದಷ್ಟು ಅಗಲದ ನೀರಲ್ಲಿ ದೊಡ್ಡದು, ಮಧ್ಯಮ, ಚಿಕ್ಕದು ಮೂರೂ ಅಕ್ಕಪಕ್ಕ ನಿಂತಿರುವುದನ್ನು ಒಮ್ಮೆ ಹತ್ತು ನಿಮಿಷ ನೋಡಿದರೆ, ನಾನು ಇಷ್ಟುದ್ದ ಬರೆದದ್ದು ಹೆಚ್ಚೇ ಆಯಿತು ಅನ್ನಿಸುತ್ತದೆ. ಸೇತುವೆಯ ಮೇಲಿಂದ ನೋಡುವುದು ಬೇಡ, ಮೇಲಿಂದ ಕುತ್ತಿಗೆಯ ಉದ್ದ ತಿಳಿಯುವುದಿಲ್ಲ. ಏರಿಯ ಮೇಲೆ ಸ್ವಲ್ಪ ದೂರ ಹೋಗಿ ಕೂತು ನೋಡಿ.

ಗೂಡು ನೋಡುವ ಆಸೆ ಇದ್ದರೆ ಮಳೆಗಾಲದಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಕರೆದುಕೊಂಡು ಹೋಗಿ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಕೆರೆಯ ನೀರೊಳಗೆ ನಿಂತ ಕರಿಜಾಲಿ ಮರಗಳ ತುಂಬ ಹಕ್ಕಿಗಳು. ಅಷ್ಟು ದೂರ ಆಗದಿದ್ದರೆ ನಿಮ್ಮ ಊರಲ್ಲೇ ಸಂಜೆ ಬೆಳ್ಳಕ್ಕಿಗಳು ಮಲಗಲು ಬರುವ ಹುಣಸೆ ಮರವೋ, ಕೆರೆಯಂಗಳದ ಬಳ್ಳಾರಿ ಜಾಲಿಯ ಪೊದೆಯೋ ಇದ್ದೇ ಇರುತ್ತದೆ. ನಾವು ಚಿಕ್ಕವರಿದ್ದಾಗ ಅವು ಸಾಲಾಗಿ ಹಾರುವ ಹೊತ್ತಿಗೆ ಬೆರಳ ಉಗುರು ಉಜ್ಜುತ್ತ ಕೂಗುತ್ತಿದ್ದೆವು, ಉಗುರಲ್ಲಿ ಬಿಳಿ ಚುಕ್ಕೆ ಬೀಳುತ್ತದೆ ಅಂತ. ಹಾಗೆ ಗುಂಪಾಗಿ ಸಾಲು ಕಟ್ಟಿ ಬರುವುದರಲ್ಲಿ ಗೋವಕ್ಕಿಗಳೇ ಹೆಚ್ಚು.

ಫೋಟೊ ತೆಗೆಯುವ ಬಗ್ಗೆ ಒಂದು ತಾಂತ್ರಿಕ ಮಾತು. ನಿಮ್ಮ ಮೂರು ಚಿತ್ರಗಳಲ್ಲೂ ಹಕ್ಕಿ ಸುಟ್ಟ ಸುಣ್ಣದ ಹಾಗೆ ಬೆಳ್ಳಗಾಗಿದೆ, ಬಾಯಿಯ ಗೆರೆಯಂಥ ಸೂಕ್ಷ್ಮ ಏನೂ ಉಳಿದಿಲ್ಲ. ಸುತ್ತ ಕಪ್ಪು ಕೆಸರು, ನಡುವೆ ಬಿಳಿ ಹಕ್ಕಿ ಇದ್ದಾಗ ಕ್ಯಾಮೆರಾ ಕೆಸರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಹಾಳು ಮಾಡುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟರೆ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ, ಅದನ್ನು ಕೆಳಗೆ ಎಳೆಯಿರಿ. ಬೆಳಗ್ಗೆ ಎಂಟರ ಒಳಗೆ ತೆಗೆಯಿರಿ. ಹಕ್ಕಿ ಪಕ್ಕಕ್ಕೆ ತಿರುಗಿದಾಗ ಒಂದು, ಕಾಲು ಕಾಣುವಂತೆ ಒಂದು, ಮೇಯುವಾಗ ಅರ್ಧ ನಿಮಿಷದ ವಿಡಿಯೊ. ವಿಡಿಯೊ ಎಷ್ಟೇ ಮಂಕಾಗಿದ್ದರೂ ನಡೆ ಹೇಳಿಬಿಡುತ್ತದೆ.

ಇನ್ನು ನಿಮ್ಮ ಚಿತ್ರಗಳು. ಮೊದಲನೆಯದು, ಪವರ್ ಟಿಲ್ಲರ್ ಪಕ್ಕ ನಿಂತಿರುವುದು ಗೋವಕ್ಕಿ. ನೆತ್ತಿಯ ಕಾವಿ ಬಣ್ಣ ಮಾಸುತ್ತ ಬಂದಿದೆ, ಗಲ್ಲ ಸ್ಪಷ್ಟ ಇದೆ. ಎರಡನೆಯದನ್ನು ಚಿಕ್ಕ ಬೆಳ್ಳಕ್ಕಿ ಅಂದುಕೊಳ್ಳುವುದು ಸುಲಭ, ಕೊಕ್ಕು ಕಪ್ಪು ಅಂತ. ಆದರೆ ಕೊಕ್ಕು ಮೋಟು ಮತ್ತು ದಪ್ಪ, ತಲೆ ಉರುಟು, ಎದೆಯಲ್ಲಿ ಜೋತು ಬಿದ್ದ ಕುಚ್ಚು ಗರಿ ಇದೆ, ಕಣ್ಣ ಮುಂದಿನ ಚರ್ಮ ಹಳದಿ-ಹಸಿರು. ಬದುವಿನ ಮೇಲೆ ನಿಂತಿರುವುದರಿಂದ ಬೆರಳು ಕಾಣುತ್ತದೆ, ಕಪ್ಪು. ಅದು ಮಧ್ಯಮ ಬೆಳ್ಳಕ್ಕಿ, ಗೂಡಿನ ಕಾಲದ ಉಡುಪಿನಲ್ಲಿ. ಬೇಸಿಗೆಗೆ ಮೊದಲು ನೀವು ಹಳದಿ ಕೊಕ್ಕಿನಲ್ಲಿ ಕಂಡ ದೊಡ್ಡ ಹಕ್ಕಿಗಳೂ ಹೆಚ್ಚುಪಾಲು ಇವೇ ಇರಬೇಕು, ಕೆಸರುಗದ್ದೆಗೆ ಗುಂಪಾಗಿ ಬರುವ ದೊಡ್ಡ ಮೈಯವು ಇವೇ. ಮೂರನೆಯದು ಹಾರುತ್ತ ದೂರ ಹೋಗುತ್ತಿರುವ ಹಕ್ಕಿಯ ಬೆನ್ನು. ಕುತ್ತಿಗೆ ಮಡಚಿದೆ, ಆದ್ದರಿಂದ ಬಕದ ಕುಲದ್ದು. ಪಾದ ಕತ್ತಲಲ್ಲಿದೆ, ಮುಖ ಆಚೆ ಕಡೆ. ಅದರ ಮುಂದೆ ಮಗಳು "ಬೆಳ್ಳಕ್ಕಿ, ಯಾವುದೆಂದು ತಿಳಿಯಲಿಲ್ಲ" ಅಂತ ಬರೆದು, ತಾರೀಖು ಹಾಕಲಿ. ನನ್ನ ನೋಟ್‌ಬುಕ್ಕಿನಲ್ಲಿ ಅಂಥ ಸಾಲುಗಳು ಈಗಲೂ ಬರುತ್ತವೆ.